ಜುಲೈ ಮೊದಲ ವಾರ ಲಯಲ್ ಕಣಿವೆಯಲ್ಲಿ ಚಾರಣ: ಸೊಳ್ಳೆ ಕಾಟಕ್ಕೆ ಏನು ಮಾಡುವುದು?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಸನ್ನಿವೇಲ್‌ನಲ್ಲಿ ನೆಲೆಸಿರುವ ನಾನು, ನಮ್ಮ ಯಜಮಾನರು ಮತ್ತು ಒಂಬತ್ತು ವರ್ಷದ ಮಗಳು, ಜುಲೈ ಮೊದಲ ವಾರದಲ್ಲಿ ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಟುವಾಲಮಿ ಮೆಡೋಸ್‌ನಿಂದ ಹೊರಟು, ಲಯಲ್ ಕಣಿವೆಯುದ್ದಕ್ಕೂ ನಡೆದು, ಡಾನಹ್ಯೂ ಪಾಸ್ ಎಂಬ ಬೆಟ್ಟದ ದಾರಿ ದಾಟಿ, ಥೌಸಂಡ್ ಐಲ್ಯಾಂಡ್ ಸರೋವರ ನೋಡಿಕೊಂಡು ಆಗ್ನ್ಯೂ ಮೆಡೋಸ್‌ಗೆ ಇಳಿಯುವವರಿದ್ದೇವೆ. ಪರವಾನಗಿ ಸಿಕ್ಕಿದೆ, ನಾಲ್ಕು ರಾತ್ರಿ ಡೇರೆಯಲ್ಲೇ ವಾಸ. ಏರಿನ ಬಗ್ಗೆಯಾಗಲಿ ಎತ್ತರದ ಬಗ್ಗೆಯಾಗಲಿ ನನಗೆ ಅಂಜಿಕೆಯಿಲ್ಲ, ಸೊಳ್ಳೆಯದೇ ಚಿಂತೆ.

ಹೋದ ವರ್ಷ ಜೂನ್ ಕೊನೆಯಲ್ಲಿ ಅದೇ ಸೀಮೆಯ ಒಂದು ಸರೋವರದ ದಂಡೆಯ ಮೇಲೆ ಒಂದು ರಾತ್ರಿ ತಂಗಿದ್ದೆವು. ಚಹಾಕ್ಕೆ ಇಟ್ಟ ನೀರು ಕುದಿ ಬರುವಷ್ಟರಲ್ಲಿ ಪಾತ್ರೆಯೊಳಗೆ ಏಳೆಂಟು ಸೊಳ್ಳೆಗಳು ಬಿದ್ದು ತೇಲುತ್ತಿದ್ದವು. ಬೆಳಗಾಗುವುದರೊಳಗೆ ಮಗಳ ಎಡಗಣ್ಣಿನ ರೆಪ್ಪೆ ಬಾತು ಕಣ್ಣು ಮುಚ್ಚಿಹೋಗಿತ್ತು, ಎರಡನೆಯ ರಾತ್ರಿಯ ಯೋಚನೆ ಬಿಟ್ಟು ಇಳಿದು ಬಂದೆವು. ತೀರ್ಥಹಳ್ಳಿಯ ಕಡೆಯವಳಾದ ನಾನು, ಮಳೆಗಾಲದಲ್ಲಿ ಉಂಬಳ ಹತ್ತಿದರೆ ಸುಣ್ಣ ಮುಟ್ಟಿಸಿ ಬಿಡಿಸಿಕೊಂಡು ತೋಟದಲ್ಲಿ ಓಡಾಡಿ ಬೆಳೆದವಳು. ಆದರೂ ಆ ಸಂಜೆಯನ್ನು ನನ್ನಿಂದ ತಡೆದುಕೊಳ್ಳಲು ಆಗಲಿಲ್ಲ.

ಅಷ್ಟು ಎತ್ತರದ ಚಳಿಯಲ್ಲಿ ಇಷ್ಟೊಂದು ಸೊಳ್ಳೆ ಎಲ್ಲಿಂದ ಬರುತ್ತವೆ? ಊರಿನಲ್ಲಿ ಮಾಡುವಂತೆ ಹೊಗೆ ಹಾಕಬಹುದೇ? ಸೊಳ್ಳೆ ಓಡಿಸುವ ಡೀಟ್ ರಾಸಾಯನಿಕವಿರುವ ಮುಲಾಮನ್ನು ಮಗುವಿಗೆ ಹಚ್ಚಬಹುದೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಹಳೆಯ ಬೂಟು:

ನಮಸ್ಕಾರ ಅಕ್ಕ. ಆ ಕಣಿವೆಯಲ್ಲಿ ಮೂರು ಬಾರಿ ನಡೆದಿದ್ದೇನೆ. ಎರಡು ಬಾರಿ ಜುಲೈಯಲ್ಲಿ, ಒಂದು ಬಾರಿ ಆಗಸ್ಟ್ ಕೊನೆಯಲ್ಲಿ. ಅದೇ ದಾರಿ, ಅದೇ ಡೇರೆ, ಆದರೆ ಆಗಸ್ಟ್‌ನಲ್ಲಿ ತಲೆಗೆ ಹಾಕುವ ಬಲೆಯನ್ನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ. ಆದ್ದರಿಂದ ಮುಲಾಮಿಗಿಂತ ಮೊದಲು ಯಾವಾಗ ಹೋಗುತ್ತೀರಿ, ಎಲ್ಲಿ ಮಲಗುತ್ತೀರಿ ಎಂಬುದನ್ನು ಯೋಚಿಸಿ ಎನ್ನುತ್ತೇನೆ.

ಅಲ್ಲಿ ಕಚ್ಚುವವು ನಮ್ಮೂರಿನ ಚರಂಡಿಯ ಸೊಳ್ಳೆಗಳಲ್ಲ. ಏಡಿಸ್ ಕುಲಕ್ಕೆ ಸೇರಿದ, ಹಿಮ ಕರಗಿದ ನೀರಿನಲ್ಲಿ ಹುಟ್ಟುವ ಜಾತಿಗಳು. ಬೇಸಿಗೆಯಲ್ಲಿ ಹುಲ್ಲುಗಾವಲಿನ ತೇವದ ಮಣ್ಣಿನಲ್ಲಿ ಇಟ್ಟ ಮೊಟ್ಟೆಗಳು ಚಳಿಗಾಲವಿಡೀ ಹಿಮದಡಿ ಇದ್ದು, ಹಿಮ ಕರಗಿ ಅಲ್ಲಲ್ಲಿ ನೀರು ನಿಂತಾಗ ಒಟ್ಟಿಗೇ ಒಡೆಯುತ್ತವೆ. ವರ್ಷಕ್ಕೆ ಒಂದೇ ಪೀಳಿಗೆ. ಹಾಗಾಗಿಯೇ ಕೆಲವು ವಾರ ಮೋಡ ಕವಿದಂತೆ ಮುತ್ತಿ, ಆಮೇಲೆ ದಿನದಿಂದ ದಿನಕ್ಕೆ ಕಡಿಮೆಯಾಗುತ್ತವೆ. ಹಿಮ ಸರಿದು ಎರಡು ಮೂರು ವಾರವಾದ ಜಾಗ ಎಲ್ಲಕ್ಕಿಂತ ಕಷ್ಟ. ಈ ಲೆಕ್ಕ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ: 2023ರಲ್ಲಿ ಹಿಮ ಎಷ್ಟಿತ್ತೆಂದರೆ ಟುವಾಲಮಿಗೆ ಹೋಗುವ ಟಯೋಗ ರಸ್ತೆ ತೆರೆದದ್ದೇ ಜುಲೈ 22ಕ್ಕೆ, ಆ ವರ್ಷ ಸೊಳ್ಳೆಯ ಕಾಲವೂ ಆಗಸ್ಟ್‌ಗೆ ಜಾರಿತು. ಈ ವರ್ಷ ರಸ್ತೆ ಯಾವಾಗ ತೆರೆಯಿತು ಎಂಬುದನ್ನು ಗಮನಿಸಿ, ದಿನಾಂಕ ಬದಲಿಸಲು ಸಾಧ್ಯವಿದ್ದರೆ ಆಗಸ್ಟ್ ನಡುವಿನ ನಂತರಕ್ಕೆ ಬದಲಿಸಿ.

ಸಾಧ್ಯವಿಲ್ಲದಿದ್ದರೆ ಜಾಗದ ಆಯ್ಕೆಯಲ್ಲಿ ಜಾಣತನ ತೋರಬೇಕು. ಲಯಲ್ ಕಣಿವೆಯ ಮೊದಲ ಹನ್ನೆರಡು ಹದಿಮೂರು ಕಿಲೋಮೀಟರ್ ಬಹುತೇಕ ಸಮತಟ್ಟು. ಪಕ್ಕದಲ್ಲೇ ಹೊಳೆ ನಿಧಾನವಾಗಿ ಬಳುಕುತ್ತದೆ, ಎರಡೂ ಬದಿಗೆ ಜೌಗು ಹುಲ್ಲುಗಾವಲು. ನೋಡಲು ಅಷ್ಟು ಚಂದದ ಜಾಗ ಸಿಯೆರಾ ನೆವಾಡ ಪರ್ವತಶ್ರೇಣಿಯಲ್ಲಿ ಕಡಿಮೆ, ಸೊಳ್ಳೆಗೂ ಅದಕ್ಕಿಂತ ಅನುಕೂಲದ ಜಾಗ ಇಲ್ಲ. ಟುವಾಲಮಿ ಮೆಡೋಸ್‌ನಿಂದ ನಾಲ್ಕು ಮೈಲಿಯೊಳಗೆ ಡೇರೆ ಹಾಕುವಂತಿಲ್ಲವಾದ್ದರಿಂದ, ಹೆಚ್ಚಿನವರು ಆ ಗಡಿ ದಾಟಿದೊಡನೆ ಹೊಳೆಯ ಬದಿಯಲ್ಲಿ ಚೀಲ ಇಳಿಸುತ್ತಾರೆ. ನೀವು ಅಲ್ಲಿ ನಿಲ್ಲಬೇಡಿ. ಬೆಳಿಗ್ಗೆ ಬೇಗ ಹೊರಟು, ಕಣಿವೆಯ ತುದಿಯಲ್ಲಿ ಏರು ಆರಂಭವಾದ ಮೇಲೆ, ಹುಲ್ಲಿನಿಂದ ದೂರ, ಗಾಳಿಯಾಡುವ ಬರಿಯ ಗ್ರಾನೈಟ್ ಬಂಡೆಯ ಮಗ್ಗುಲು ಹುಡುಕಿ. ಸೊಳ್ಳೆಗೆ ಗಾಳಿಯ ಎದುರು ಹಾರಲಾಗುವುದಿಲ್ಲ. ಸ್ವಲ್ಪ ಜೋರಾದ ಗಾಳಿಯಿದ್ದರೆ, ಇನ್ನೂರು ಹೆಜ್ಜೆ ಕೆಳಗೆ ಮುತ್ತುತ್ತಿದ್ದ ದಂಡು ಮೇಲೆ ಇರುವುದೇ ಇಲ್ಲ. ನೀರು ಹೊತ್ತು ತರುವ ಶ್ರಮ ಒಂದಿಷ್ಟು ಹೆಚ್ಚಾಗುತ್ತದೆ, ಅಷ್ಟೇ. 3,370 ಮೀಟರ್ ಎತ್ತರದ ಡಾನಹ್ಯೂ ಪಾಸ್‌ನಲ್ಲಿ ಗಾಳಿಯೂ ಹಿಮವೂ ಇರುವುದರಿಂದ ಅಲ್ಲಿ ಕಾಟ ಕಡಿಮೆ, ಆದರೆ ಆಚೆ ಇಳಿದ ಮೇಲೆ ಮತ್ತೆ ಶುರುವಾಗುತ್ತದೆ.

ಹೊಗೆಯ ಆಸೆ ಬಿಡಿ. ಯೊಸೆಮಿಟಿಯಲ್ಲಿ 9,600 ಅಡಿಗಿಂತ ಮೇಲೆ ಬೆಂಕಿ ಹಾಕುವುದು ನಿಷಿದ್ಧ. ಸುರುಳಿಯಾಕಾರದ ಸೊಳ್ಳೆಬತ್ತಿ ಬಯಲಿನ ಗಾಳಿಯಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ.

ಮದ್ದಿನ ಡಬ್ಬಿ:

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ಬಟ್ಟೆ ಮತ್ತು ಮುಲಾಮಿನ ವಿಷಯ ನಾನು ಬರೆಯುತ್ತೇನೆ.

ಮೈಗೆ ಅಂಟುವ ತೆಳು ಲೆಗ್ಗಿಂಗ್ಸ್ ಮೂಲಕ ಸೊಳ್ಳೆ ಸಲೀಸಾಗಿ ಕಚ್ಚುತ್ತದೆ. ಒತ್ತಾಗಿ ನೇಯ್ದ, ಸಡಿಲವಾದ, ತಿಳಿ ಬಣ್ಣದ ಉದ್ದ ತೋಳಿನ ಅಂಗಿ ಮತ್ತು ಪ್ಯಾಂಟ್ ಬೇಕು. ಹೊರಡುವುದಕ್ಕೆ ಒಂದೆರಡು ದಿನ ಮುಂಚೆ ಅವುಗಳಿಗೆ, ಕಾಲುಚೀಲಕ್ಕೆ, ಟೋಪಿಗೆ ಶೇಕಡಾ 0.5ರ ಪರ್ಮೆಥ್ರಿನ್ ಎಂಬ ಕೀಟನಾಶಕ ಸಿಂಪಡಿಸಿ, ನೆರಳಿನಲ್ಲಿ ನೇತುಹಾಕಿ ಪೂರ್ತಿ ಒಣಗಿಸಿ. ಒಮ್ಮೆ ಸಿಂಪಡಿಸಿದರೆ ಸುಮಾರು ಆರು ವಾರ ಅಥವಾ ಆರು ಒಗೆತದವರೆಗೆ ನಿಲ್ಲುತ್ತದೆ. ಇದು ಬಟ್ಟೆಗೆ ಮಾತ್ರ, ಚರ್ಮಕ್ಕಲ್ಲ. ಹಸಿಯಾಗಿರುವಾಗ ಬೆಕ್ಕಿಗೆ ವಿಷ, ಮೀನಿಗಂತೂ ಬಹಳ ಹಾನಿಕರ. ಮನೆಯಲ್ಲಿ ಬೆಕ್ಕಿದ್ದರೆ ಜಾಗ್ರತೆ.

ಚರ್ಮಕ್ಕೆ ಶೇಕಡಾ 20ರಿಂದ 30ರ ಡೀಟ್ ಅಥವಾ ಶೇಕಡಾ 20ರ ಪಿಕಾರಿಡಿನ್ ಎಂಬ ಇನ್ನೊಂದು ಸೊಳ್ಳೆ ನಿವಾರಕ ಸಾಕು. ನಿಮ್ಮ ಮಗಳ ವಯಸ್ಸಿಗೆ ಶೇಕಡಾ 30ರವರೆಗಿನ ಡೀಟ್ ಹಚ್ಚಬಹುದು. ಆದರೆ ಮಗುವಿನ ಮುಖಕ್ಕೆ ನೇರವಾಗಿ ಸಿಂಪಡಿಸದೆ, ನಿಮ್ಮ ಅಂಗೈಗೆ ತೆಗೆದುಕೊಂಡು ಕಣ್ಣು ಬಾಯಿ ಬಿಟ್ಟು ಸವರಿ. ಅವಳ ಅಂಗೈಗೆ ಹಚ್ಚಬೇಡಿ, ಏಕೆಂದರೆ ಮಕ್ಕಳು ಕಣ್ಣುಜ್ಜಿಕೊಳ್ಳುತ್ತಾರೆ. ಬಿಸಿಲಿನ ಕ್ರೀಮ್ ಮೊದಲು, ಇದು ಆಮೇಲೆ. ನಾನು ಪಿಕಾರಿಡಿನ್‌ಗೆ ಬದಲಾಯಿಸಿ ಹಲವು ವರ್ಷಗಳಾದವು. ಡೀಟ್ ಹಚ್ಚಿದ ಬೆರಳಿನಿಂದಲೇ ಕನ್ನಡಕ ತೆಗೆದು ಹಾಕಿ ಮಾಡುತ್ತಿದ್ದೆ, ನಾಲ್ಕನೆಯ ದಿನಕ್ಕೆ ಅದರ ಪ್ಲಾಸ್ಟಿಕ್ ಕಡ್ಡಿ ಅಂಟಂಟಾಗಿ ನನ್ನ ಬೆರಳಿನ ಗುರುತು ಅದರಲ್ಲಿ ಅಚ್ಚೊತ್ತಿತ್ತು. ಪಿಕಾರಿಡಿನ್ ಪ್ಲಾಸ್ಟಿಕ್ಕನ್ನು ಕರಗಿಸುವುದಿಲ್ಲ. ಮಲೆನಾಡಿನವರಾದ ನಿಮಗೆ ಸಂತೋಷವಾಗಬಹುದಾದ ಒಂದು ಮಾತು: ಕಾಳುಮೆಣಸಿಗೆ ಖಾರ ಕೊಡುವ ಪೈಪರಿನ್‌ನ ರಚನೆಯನ್ನು ಹೋಲುವಂತೆ ಪ್ರಯೋಗಾಲಯದಲ್ಲಿ ರೂಪಿಸಿದ ವಸ್ತು ಅದು.

ಸರೋವರಕ್ಕೆ ಇಳಿಯುವ ಮುನ್ನ ಈ ಮುಲಾಮುಗಳನ್ನು ನೀರಿನಿಂದ ಅರವತ್ತು ಮೀಟರ್ ದೂರದಲ್ಲಿ ತೊಳೆದುಕೊಳ್ಳಿ. ಆ ಎತ್ತರದ ಸರೋವರಗಳಲ್ಲಿ ಬದುಕುವ ಹಳದಿ ಕಾಲಿನ ಕಪ್ಪೆ 2014ರಿಂದ ಅಳಿವಿನಂಚಿನ ಪಟ್ಟಿಯಲ್ಲಿದೆ. ವಾಸನೆಯ ವಸ್ತುವಾದ್ದರಿಂದ ರಾತ್ರಿ ಮುಲಾಮೂ ಊಟದೊಂದಿಗೆ ಕರಡಿಗೆ ತೆರೆಯಲಾಗದ ಗಟ್ಟಿ ಡಬ್ಬಿಯೊಳಗೇ ಇರಬೇಕು, ಎರಡು ಪದರದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ.

ಮಗಳ ರೆಪ್ಪೆ ಅಷ್ಟು ಬಾತಿತ್ತೆಂದರೆ ಹೊರಡುವ ಮುನ್ನ ಅವಳ ವೈದ್ಯರನ್ನು ಕಂಡು, ಸೆಟ್ರಿಜಿನ್‌ನಂತಹ ಅಲರ್ಜಿ ಔಷಧಿ ಎಷ್ಟು ಪ್ರಮಾಣದಲ್ಲಿ ಕೊಡಬೇಕೆಂದು ಕೇಳಿ ಬರೆಸಿಕೊಳ್ಳಿ. ತಲೆಯ ಬಲೆಯನ್ನು ಅಂಚುಳ್ಳ ಟೋಪಿಯ ಮೇಲೆಯೇ ಹಾಕಿ. ಬಲೆ ಕೆನ್ನೆಗೆ ತಾಗಿದರೆ ಅದರ ಮೂಲಕವೇ ಕಚ್ಚುತ್ತವೆ.

ತುಂಗಾತೀರ:

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಯಜಮಾನರ ರಜೆ ನಿಗದಿಯಾಗಿರುವುದರಿಂದ ದಿನಾಂಕ ಬದಲಿಸಲು ಆಗುವುದಿಲ್ಲ, ಮೊದಲ ರಾತ್ರಿಯ ಜಾಗವನ್ನು ಏರಿನ ಮೇಲಕ್ಕೆ ಬದಲಿಸುತ್ತೇವೆ. ಕೇಳಲು ಸಂಕೋಚವಾದರೂ ಕೇಳುತ್ತೇನೆ: ಹೋದ ಸಲ ಬಹಿರ್ದೆಸೆಗೆ ಹೋದಾಗಲೇ ನಮಗೆ ಹೆಚ್ಚು ಕಚ್ಚಿದ್ದು. ಅದಕ್ಕೇನಾದರೂ ಉಪಾಯವಿದೆಯೇ?

ಹಳೆಯ ಬೂಟು:

ಸಂಕೋಚ ಬೇಡ ಅಕ್ಕ, ಎಲ್ಲರ ಕಷ್ಟವೂ ಅದೇ. ಮುಂಜಾನೆ ಮತ್ತು ಮುಸ್ಸಂಜೆ ಅವುಗಳ ಹಾವಳಿ ಹೆಚ್ಚು. ಆದಷ್ಟು ಮಧ್ಯಾಹ್ನ ಗಾಳಿ ಬೀಸುವ ಹೊತ್ತಿನಲ್ಲಿ, ನೀರಿನಿಂದ ದೂರದ ಒಣ ಜಾಗದಲ್ಲಿ ಮುಗಿಸಿಕೊಳ್ಳಿ. ಹೋಗುವ ಮುನ್ನ ಸೊಂಟದಿಂದ ಕೆಳಗೆ ಪಿಕಾರಿಡಿನ್ ಸವರಿಕೊಳ್ಳಿ, ಗುಂಡಿಯನ್ನು ಮೊದಲೇ ಒಬ್ಬರು ತೋಡಿಟ್ಟಿರಲಿ. ರಾತ್ರಿ ಚಳಿ ಚೆನ್ನಾಗಿ ಇಳಿದ ಮೇಲೆ ಕಾಟ ಬಹಳ ಕಡಿಮೆಯಾಗುತ್ತದೆ, ಆಗ ಮಗಳನ್ನೂ ಧೈರ್ಯವಾಗಿ ಹೊರಗೆ ಕರೆತನ್ನಿ. ಡೇರೆಯ ಜಿಪ್ ಅನ್ನು ಮಾತ್ರ ಒಬ್ಬರು ಹೊರಬಂದೊಡನೆ ಒಳಗಿದ್ದವರು ಎಳೆದುಬಿಡಬೇಕು.