ಅಪ್‌ಡೇಟ್: ಮಂಡಿಯ ಉರಿಯೂತಕ್ಕೆ ಅರಿಶಿನ, ಬೂತಾಯಿ ಮತ್ತು ಕುರ್ಚಿ

ಬದಿಯಡ್ಕದಲ್ಲಿ ಅಡಿಕೆ ಸುಲಿಯಲು ದಿನವಿಡೀ ನೆಲದಲ್ಲಿ ಕೂರುವ ಅಮ್ಮನ ಮಂಡಿ ಊತಕ್ಕೆ ಮನೆಯಲ್ಲೇ ಏನು ಮಾಡಬಹುದು ಎಂದು ಕೇಳಿದ್ದೆ. ಈಗ ಪಾಲಿಸುತ್ತಿರುವುದು ಇಷ್ಟು.

ಮೊದಲು ಕೂರುವ ಭಂಗಿ. ಮಂಡಿ ಪೂರ್ತಿ ಮಡಚಿದಷ್ಟೂ ಕೀಲಿನ ಮೇಲೆ ಒತ್ತಡ ಹೆಚ್ಚು. ಹಾಗಾಗಿ ಕುರ್ಚಿ, ಎತ್ತರದ ಮೇಜು. ಅಲ್ಲೇ ಕೂತು ಕಾಲು ನೇರ ಚಾಚಿ 5 ಸೆಕೆಂಡ್ ಹಿಡಿದು ಇಳಿಸುವುದು, ಒಂದೊಂದು ಕಾಲಿಗೆ 10 ಸಲ. ತೊಡೆಯ ಸ್ನಾಯು ಗಟ್ಟಿಯಾದರೆ ಕೀಲಿನ ಭಾರ ಇಳಿಯುತ್ತದೆ. ಯಾವ ಕಷಾಯಕ್ಕಿಂತಲೂ ಇದೇ ಮುಖ್ಯ. ಊದಿಕೊಂಡ ದಿನ ಬಟ್ಟೆ ಸುತ್ತಿದ ಐಸ್, 15 ನಿಮಿಷ.

ಅರಿಶಿನ ಪುಡಿಯಲ್ಲಿ ಉರಿಯೂತ ತಗ್ಗಿಸುವ ಅಂಶವಾದ ಕರ್ಕ್ಯುಮಿನ್ ಸುಮಾರು ಶೇ. 3 ಮಾತ್ರ, ನೀರಿನಲ್ಲಿ ಕರಗುವುದೂ ಇಲ್ಲ. ಅರ್ಧ ಚಮಚ ಪುಡಿಯನ್ನು ತೆಂಗಿನೆಣ್ಣೆ, ಕಾಳುಮೆಣಸಿನ ಜೊತೆ ಪಲ್ಯಕ್ಕೋ ಸಾರಿಗೋ ಹಾಕಿದರೆ ಮೈಗೆ ಹತ್ತುವುದು ಹೆಚ್ಚು. ವಾರಕ್ಕೆರಡು ಸಲ ಬೂತಾಯಿ (ಮತ್ತಿ ಮೀನು), ಅದೂ ಪುಳಿಮುಂಚಿ, ಅಂದರೆ ಹುಳಿ-ಖಾರದ ಸಾರು. ಕರಿದರೆ ಅದರಲ್ಲಿರುವ, ಉರಿಯೂತ ತಗ್ಗಿಸುವ ಒಮೇಗಾ-3 ಕೊಬ್ಬು ಕಡಿಮೆಯಾಗುತ್ತದೆ.

ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಅರಿಶಿನದ ಕ್ಯಾಪ್ಸೂಲ್ ತಾವಾಗಿ ಶುರುಮಾಡಲೇಬೇಡಿ, ರಕ್ತಸ್ರಾವದ ಅಪಾಯವಿದೆ. ಮಂಡಿ ಕೆಂಪಾಗಿ, ಬಿಸಿಯಾಗಿ, ಜ್ವರವೂ ಬಂದರೆ ಅದು ಸೋಂಕಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಿ.