ಮಾತಿಲ್ಲದ ಮಡಿಕೆ ಪುಸ್ತಕವನ್ನು ಮಗಳಿಗೆ ಕನ್ನಡದಲ್ಲಿ ಹೇಗೆ ಹೇಳಲಿ?

ಪ್ರಶ್ನೆ: ಡೊಂಬಿವಲಿಯಿಂದ

ನನ್ನ ಮಗಳಿಗೆ ಏಳು ವರ್ಷ. ಮನೆಯಲ್ಲಿ ಕನ್ನಡ ಮಾತನಾಡುತ್ತಾಳೆ, ಶಾಲೆಯಲ್ಲಿ ಇಂಗ್ಲಿಷ್ ಮತ್ತು ಮರಾಠಿ ಓದುತ್ತಾಳೆ. ಕನ್ನಡ ಅಕ್ಷರ ಇನ್ನೂ ಕೈಗೆ ಹತ್ತಿಲ್ಲ. ಅವಳ ಹುಟ್ಟುಹಬ್ಬಕ್ಕೆ ಬಂದ ಪುಸ್ತಕವೊಂದು ಒಂದು ತಿಂಗಳಿನಿಂದ ನಮ್ಮ ಮನೆಯ ನೆಲವನ್ನು ಹಿಡಿದು ಕುಳಿತಿದೆ. ಅದರಲ್ಲಿ ಒಂದಕ್ಷರವೂ ಇಲ್ಲ. ಹಾರ್ಮೋನಿಯಂನ ತಿದಿಯಂತೆ ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳುವ ಅದನ್ನು ಪೂರ್ತಿ ಹರವಿದರೆ ಹೊರಬಾಗಿಲಿನಿಂದ ಅಡುಗೆಮನೆಯ ಹೊಸ್ತಿಲನ್ನು ಮುಟ್ಟುತ್ತದೆ. ಒಂದು ಬದಿಯಲ್ಲಿ ‘ಸ್ವಾನ್ ಲೇಕ್’ ಬ್ಯಾಲೆ ರಂಗದ ಮೇಲೆ ನಡೆಯುತ್ತದೆ. ತಿರುಗಿಸಿದರೆ ಅದೇ ಹೊತ್ತಿನಲ್ಲಿ ಪರದೆಯ ಹಿಂದೆ ನಡೆಯುವುದೆಲ್ಲ ಕಾಣುತ್ತದೆ.

ನಮ್ಮ ಮನೆಯಲ್ಲಿ ಯಾರೂ ಬ್ಯಾಲೆ ನೋಡಿದವರಲ್ಲ. ಕಥೆಯನ್ನು ಓದಿಕೊಂಡು ನಾನು ಹೇಳಿದರೆ ಐದು ನಿಮಿಷದಲ್ಲಿ ಮುಗಿದುಹೋಗುತ್ತದೆ, ಅವಳು ಮಾತ್ರ ಮೂರನೆಯ ಮಡಿಕೆಯಲ್ಲೇ ಇರುತ್ತಾಳೆ. ರಾಜಕುಮಾರ ಎರಡು ಬೆರಳೆತ್ತಿ ನಿಂತಿರುವುದೇಕೆ, ಬಿಳಿಯುಡುಗೆಯವಳು ಮುಷ್ಟಿಗಳನ್ನು ಒಂದರ ಮೇಲೊಂದು ಅಡ್ಡಲಾಗಿ ಹಿಡಿದಿರುವುದೇಕೆ, ಹಿಂಬದಿಯಲ್ಲಿ ಒಬ್ಬಳು ಹಳದಿ ಪುಡಿಯ ಪೆಟ್ಟಿಗೆಯೊಳಗೆ ನಿಂತು ಕಾಲು ಉಜ್ಜುತ್ತಿರುವುದೇಕೆ ಎಂಬ ಅವಳ ಪ್ರಶ್ನೆಗಳಿಗೆ ನನ್ನಲ್ಲಿ ಉತ್ತರವಿಲ್ಲ. ಇವಕ್ಕೆಲ್ಲ ಕನ್ನಡದಲ್ಲಿ ಯಾವ ಮಾತು ಬಳಸಬೇಕೆಂಬುದೂ ತೋಚುತ್ತಿಲ್ಲ. ಇನ್ನೊಂದು ಚಿಂತೆ: ನಡುವಿನ ಒಂದು ಮಡಿಕೆ ಸೀಳತೊಡಗಿದೆ. ಸೆಲ್ಲೋಟೇಪ್ ಹಚ್ಚಬಹುದೇ?

ಉತ್ತರ: ಮುಲುಂಡ್‌ನಿಂದ

ನಾನು ಭರತನಾಟ್ಯ ಕಲಿಸುವವಳು. ಬ್ಯಾಲೆಯನ್ನು ಕಲಿತಿಲ್ಲ, ಆದರೆ ಆಸಕ್ತಿಯಿಂದ ನೋಡಿದ್ದೇನೆ. ಮಗಳ ಪ್ರಶ್ನೆಗಳು ಅಭಿನಯದ ಪ್ರಶ್ನೆಗಳಾದ್ದರಿಂದ ಉತ್ತರಿಸಲು ಸಂತೋಷವಾಗುತ್ತದೆ. ನಮ್ಮಲ್ಲಿ ಹಸ್ತಮುದ್ರೆಗಳಿರುವಂತೆ ಹತ್ತೊಂಬತ್ತನೆಯ ಶತಮಾನದ ಬ್ಯಾಲೆಯಲ್ಲಿಯೂ ಕೈಗಳ ಒಂದು ಭಾಷೆಯಿದೆ. ಎರಡು ಬೆರಳನ್ನು ಮೇಲೆತ್ತುವುದು ಆಣೆ ಮಾಡುವ ಸನ್ನೆ. ಮುಷ್ಟಿ ಬಿಗಿದು ಮಣಿಕಟ್ಟುಗಳನ್ನು ದೇಹದ ಮುಂದೆ ಕೆಳಗೆ ಅಡ್ಡಲಾಗಿ ಕೂಡಿಸಿದರೆ ಸಾವು. ಮುಖದ ಸುತ್ತ ಕೈಯನ್ನು ಬಳಸಿ ತಂದರೆ ಚೆಲುವು, ಉಂಗುರದ ಬೆರಳನ್ನು ತೋರಿಸಿದರೆ ಮದುವೆ, ತಲೆಯ ಮೇಲೆ ಕೈಗಳನ್ನು ಒಂದರ ಸುತ್ತ ಒಂದು ಸುತ್ತಿಸಿದರೆ ನೃತ್ಯ. ಹಂಸವಾಗಿ ಶಪಿತಳಾದ ಓಡೆಟ್ ತನ್ನ ತಾಯಿಯ ಕಣ್ಣೀರಿನಿಂದಲೇ ಆ ಸರೋವರ ತುಂಬಿತೆಂದು ಹೇಳುವ ಸನ್ನೆ ಹಳೆಯ ಸಂಪ್ರದಾಯದ ಪ್ರಯೋಗಗಳಲ್ಲಿದೆ. ನಿಮ್ಮ ಪುಸ್ತಕದಲ್ಲಿ ಅವಳ ಬೆರಳುಗಳು ಕೆನ್ನೆಯಿಂದ ಕೆಳಗಿಳಿಯುವ ಚಿತ್ರವಿದೆಯೇ ಎಂದು ಹುಡುಕಿ ನೋಡಿ.

ಎರಡು ಬೆರಳಿನ ಆ ಆಣೆಯ ಮೇಲೆಯೇ ಇಡೀ ಕಥೆ ನಿಂತಿದೆ. ಯಾರನ್ನೂ ಪ್ರೀತಿಸದವನೊಬ್ಬ ಓಡೆಟ್‌ಗೆ ನಿಷ್ಠೆಯ ಆಣೆ ಮಾಡಿ ಅದನ್ನು ಉಳಿಸಿಕೊಂಡರೆ ಶಾಪ ಕಳೆಯುತ್ತದೆ. ರಾಜಕುಮಾರ ಸೀಗ್‌ಫ್ರೀಡ್ ಅರಮನೆಯ ಸಭೆಯಲ್ಲಿ ಅವಳನ್ನೇ ಹೋಲುವ ಓಡಿಲ್‌ಳನ್ನು ಓಡೆಟ್ ಎಂದೇ ನಂಬಿ ಬೆರಳೆತ್ತುತ್ತಾನೆ. ಈ ಎರಡೂ ಪಾತ್ರಗಳನ್ನು ಸಾಮಾನ್ಯವಾಗಿ ಒಬ್ಬಳೇ ನರ್ತಕಿ ಮಾಡುತ್ತಾಳೆ. ಕೈಗಳ ಬೀಸು ಒಬ್ಬಳಲ್ಲಿ ಹೇಗೆ, ಇನ್ನೊಬ್ಬಳಲ್ಲಿ ಹೇಗೆ ಎಂಬುದನ್ನು ಮಗಳೇ ಹೋಲಿಸಿ ಹೇಳಲಿ. ಚೈಕೋವ್‌ಸ್ಕಿಯ ಸಂಗೀತವಿರುವ ಈ ಬ್ಯಾಲೆ ಮಾಸ್ಕೋದಲ್ಲಿ 1877ರಲ್ಲಿ ಮೊದಲು ರಂಗವೇರಿದರೂ ಇಂದಿನ ಪ್ರಯೋಗಗಳಲ್ಲಿ ಹೆಚ್ಚಿನವು ನೃತ್ಯಸಂಯೋಜಕರಾದ ಪೆಟಿಪಾ ಮತ್ತು ಇವಾನೋವ್ 1895ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕಟ್ಟಿದ ರೂಪವನ್ನು ಅನುಸರಿಸುತ್ತವೆ. ಕೈಗಳನ್ನು ಹೆಣೆದುಕೊಂಡು ಒಂದೇ ಹೆಜ್ಜೆಯಲ್ಲಿ ಸಾಗುವ ನಾಲ್ಕು ಮರಿಹಂಸಗಳು ನಿಮ್ಮ ಮಡಿಕೆಯಲ್ಲಿ ಖಂಡಿತ ಇರಬೇಕು.

ಪೆಟ್ಟಿಗೆಯಲ್ಲಿರುವುದು ರಾಳದ ಪುಡಿ. ಕಾಲು ಜಾರದಿರಲೆಂದು ಪಾದರಕ್ಷೆಯ ಅಡಿಗೆ ಅದನ್ನು ಹಚ್ಚಿಕೊಳ್ಳುತ್ತಾರೆ. ಪಾದರಕ್ಷೆಯನ್ನು ಯಾರಾದರೂ ಗೋಡೆಗೆ ಬಡಿಯುತ್ತಿದ್ದರೆ ಅದು ಕೋಪವಲ್ಲ, ಹೊಸ ಜೋಡಿಯ ಬಿಗುಪನ್ನೂ ಸದ್ದನ್ನೂ ಕಳೆಯುವ ಕೆಲಸ. ತುದಿಬೆರಳಿನ ಮೇಲೆ ನಿಲ್ಲಲು ಆಧಾರವಾಗುವ ಆ ಗಟ್ಟಿ ಮೂತಿಯನ್ನು ಸಾಂಪ್ರದಾಯಿಕವಾಗಿ ಬಟ್ಟೆ, ಕಾಗದ ಮತ್ತು ಅಂಟಿನ ಪದರಗಳಿಂದ ಮಾಡುತ್ತಾರೆ ಎಂದು ಹೇಳಿದರೆ, ಕಾಗದದ ಪುಸ್ತಕವನ್ನು ಕೈಯಲ್ಲಿ ಹಿಡಿದ ಮಗು ಬೆರಗಾಗುತ್ತದೆ.

ಪದಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಹೆಜ್ಜೆಗಳ ಫ್ರೆಂಚ್ ಹೆಸರುಗಳನ್ನು ಅನುವಾದಿಸಬೇಡಿ. ಮಂಡಿ ಬಾಗಿಸುವ ಪ್ಲಿಯೇ ಪ್ಲಿಯೇ ಆಗಿಯೇ ಇರಲಿ, ನಮ್ಮ ಭರತನಾಟ್ಯದ ತಟ್ಟಡವು ತಟ್ಟಡವಾಗಿರುವಂತೆ. ಆದರೆ ಪರದೆಯ ಹಿಂದಿನ ಲೋಕಕ್ಕೆ ನಮ್ಮಲ್ಲಿ ಯಕ್ಷಗಾನದ ಚೌಕಿ ಎಂಬ ಮಾತಿದೆ. ಬಣ್ಣ, ಕನ್ನಡಿ, ಅವಸರ, ದಣಿವು ಎಲ್ಲವೂ ಆ ಒಂದು ಮಾತಿನೊಳಗಿವೆ. ಮಾಟುಂಗಾದಲ್ಲೋ ಭಾಂಡುಪ್‌ನಲ್ಲೋ ಆಟವಿದ್ದಾಗ ಮಗಳನ್ನು ಒಮ್ಮೆ ಚೌಕಿಗೆ ಕರೆದುಕೊಂಡು ಹೋಗಿ; ಆಮೇಲೆ ಹಿಂಬದಿಯನ್ನು ಅವಳೇ ನಿಮಗೆ ವಿವರಿಸುತ್ತಾಳೆ.

ಉತ್ತರ: ಪುಣೆಯಿಂದ

ಮೂವತ್ತು ವರ್ಷ ಮುದ್ರಣ ಮತ್ತು ಪುಸ್ತಕ ಕಟ್ಟುವ ಕೆಲಸದಲ್ಲಿದ್ದವನಾಗಿ ಮೊದಲು ಸೀಳಿನ ಬಗ್ಗೆ ಹೇಳುತ್ತೇನೆ. ಸೆಲ್ಲೋಟೇಪನ್ನು ದಯವಿಟ್ಟು ಹಚ್ಚಬೇಡಿ. ಕೆಲವು ವರ್ಷಗಳಲ್ಲಿ ಅದು ಹಳದಿಯಾಗುತ್ತದೆ, ಅಂಟು ಕಾಗದದೊಳಗೆ ಇಳಿಯುತ್ತದೆ, ಕೀಳಹೋದರೆ ಚಿತ್ರವೂ ಎದ್ದು ಬರುತ್ತದೆ. ಕಲಾಸಾಮಗ್ರಿಯ ಅಂಗಡಿಗಳಲ್ಲಿ ಸಿಗುವ ಅತಿ ತೆಳುವಾದ ಜಪಾನಿ ಟಿಶ್ಯೂ ಕಾಗದದಿಂದ ಒಂದು ಸೆಂಟಿಮೀಟರ್ ಅಗಲದ ಪಟ್ಟಿಯನ್ನು ಕತ್ತರಿಸದೆ, ಒದ್ದೆ ಮಾಡಿ ಹರಿದುಕೊಳ್ಳಿ. ಹರಿದ ಅಂಚಿನ ನಾರುಗಳು ಪುಟದಲ್ಲಿ ಕಾಣದಂತೆ ಬೆರೆಯುತ್ತವೆ. ಗೋಧಿ ಪಿಷ್ಟವನ್ನು ನೀರಿನಲ್ಲಿ ಬೇಯಿಸಿ ಮಾಡಿದ ತೆಳು ಅಂಟಿನಿಂದ ಅದನ್ನು ಹಚ್ಚಿ, ಎರಡೂ ಕಡೆ ಬಟರ್ ಪೇಪರ್ ಇಟ್ಟು, ಪುಟವನ್ನು ಚಪ್ಪಟೆಯಾಗಿಯೇ ಇರಿಸಿ ಭಾರ ಹೇರಿ. ಪೂರ್ತಿ ಒಣಗುವವರೆಗೆ ಮಡಚಬೇಡಿ. ಕಾಗದದ ನಾರುಗಳು ಮಡಿಕೆಯ ಗೆರೆಗೆ ಸಮಾನಾಂತರವಾಗಿದ್ದರೆ ಮಡಿಕೆ ಬಾಳುತ್ತದೆ, ಅಡ್ಡಲಾಗಿದ್ದರೆ ಸಿಡಿಯುತ್ತದೆ. ಟಿಶ್ಯೂ ಪಟ್ಟಿಗೂ ಇದೇ ನಿಯಮ.

ಇಂಥ ಪುಸ್ತಕವನ್ನು ಮುದ್ರಕರು ಲೆಪೊರೆಲ್ಲೊ ಎನ್ನುತ್ತಾರೆ. ಮೊಜಾರ್ಟ್‌ನ ಒಂದು ಆಪೆರಾದಲ್ಲಿ ತನ್ನ ಯಜಮಾನನ ಪ್ರೇಯಸಿಯರ ಉದ್ದನೆಯ ಪಟ್ಟಿಯನ್ನು ಓದಿ ಹೇಳುವ ಸೇವಕನ ಹೆಸರದು. ರಂಗದ ಮೇಲೆ ಆ ಪಟ್ಟಿ ಮಡಿಕೆ ಬಿಚ್ಚುತ್ತ ಬೆಳೆಯುವುದುಂಟು. ಆದರೆ ಕನ್ನಡಿಗರಿಗೆ ಈ ರೂಪಕ್ಕೆ ಹೆಸರನ್ನು ಹೊರಗಿನಿಂದ ತರಬೇಕಾಗಿಲ್ಲ. ನಾವು ಇಂದು ಸರ್ಕಾರಿ ಕಚೇರಿಯ ಫೈಲಿಗೆ ಬಳಸುವ ‘ಕಡತ’ ಎಂಬ ಮಾತು ಮೂಲತಃ ಇಂಥದೇ ಮಡಿಕೆ ಪುಸ್ತಕದ ಹೆಸರು. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿಯನ್ನು ಬಳಿದು ಕಪ್ಪಾಗಿಸಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಅದರ ಮೇಲೆ ಬಿಳಿಯ ಅಕ್ಷರ ಬರೆಯುತ್ತಿದ್ದರು. ಶೃಂಗೇರಿ ಮಠದ ಹಳೆಯ ಕಡತಗಳು ಇತಿಹಾಸಕಾರರಿಗೆ ದೊಡ್ಡ ಆಕರಗಳಾಗಿವೆ. ನಿಮ್ಮ ಮಗಳ ಕೈಯಲ್ಲಿರುವುದು ಬ್ಯಾಲೆಯ ಕಡತವೆಂದು ಹೇಳಲು ನನಗಂತೂ ಸಂಕೋಚವಿಲ್ಲ.

ಹೊಲಿದ ಪುಸ್ತಕದಲ್ಲಿ ಪುಟ ತಿರುಗಿಸಿದೊಡನೆ ಹಿಂದಿನ ಹೆಜ್ಜೆ ಮರೆಯಾಗುತ್ತದೆ. ಕಡತದಲ್ಲಿ ಜಿಗಿಯುವ ಮೊದಲಿನ ಕಾಲು, ಗಾಳಿಯಲ್ಲಿರುವ ಕಾಲು, ನೆಲಕ್ಕಿಳಿದ ಕಾಲು ಮೂರೂ ಒಟ್ಟಿಗೆ ಕಣ್ಣೆದುರು ಉಳಿಯುತ್ತವೆ. ನೃತ್ಯದ ಪುಸ್ತಕಕ್ಕೆ ಈ ರೂಪವನ್ನು ಆರಿಸಿಕೊಂಡವರು ಕೆಲಸ ಬಲ್ಲವರು.

ಉತ್ತರ: ವಾಸ್ಕೋದಿಂದ, ಗೋವಾ

ಮೇಲಿನ ಎರಡೂ ಉತ್ತರಗಳಿಂದ ನಾನು ಕಲಿತೆ. ಆದರೂ ಮುಲುಂಡ್‌ನ ಗೆಳತಿಯ ಒಂದು ಮಾತಿಗೆ ನನ್ನ ಒಪ್ಪಿಗೆಯಿಲ್ಲ. ಸನ್ನೆಗಳ ಅರ್ಥವನ್ನು ಮೊದಲೇ ಹೇಳಿಬಿಟ್ಟರೆ ಮಗು ಚಿತ್ರವನ್ನು ನೋಡುವುದನ್ನು ಬಿಟ್ಟು ಅರ್ಥವನ್ನು ಒಪ್ಪಿಸಲು ತೊಡಗುತ್ತದೆ. ನಾನು ಇಲ್ಲಿ ಕನ್ನಡದ ಮನೆಗಳ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತೇನೆ. ಬಹಳಷ್ಟು ಮಕ್ಕಳು ಬೀದಿಯಲ್ಲಿ ಕೊಂಕಣಿ, ಹಿಂದಿ ಮಾತನಾಡಿ ಮನೆಯೊಳಗೆ ಮಾತ್ರ ಕನ್ನಡಕ್ಕೆ ಮರಳುತ್ತಾರೆ. ಅಕ್ಷರವಿರುವ ಪುಸ್ತಕದ ಮುಂದೆ ಹಿಂಜರಿಯುವ ಮಗು ಅಕ್ಷರವಿಲ್ಲದ ಪುಸ್ತಕದ ಮುಂದೆ ತಾನೇ ಮಾತನಾಡುತ್ತದೆ, ಏಕೆಂದರೆ ಅಲ್ಲಿ ತಪ್ಪು ಓದುವ ಭಯವಿಲ್ಲ. ಒಮ್ಮೆಗೆ ಎರಡೇ ಮಡಿಕೆ ತೆರೆದಿಡಿ, ‘ಈಗ ಏನಾಯ್ತು?’ ಎಂದು ಕೇಳಿ ಸುಮ್ಮನಿರಿ. ಸನ್ನೆಯ ನಿಜವಾದ ಅರ್ಥವನ್ನು ಅವಳು ತನ್ನದೊಂದು ಅರ್ಥವನ್ನು ಕಟ್ಟಿದ ಮೇಲೆ ಹೇಳಿದರೆ ಸಾಕು. ಎರಡನೆಯ ಅಂಕದ ಆರಂಭದಲ್ಲಿ ಓಬೋ ವಾದ್ಯದಲ್ಲಿ ಬರುವ ಹಂಸದ ರಾಗವನ್ನು ಸಣ್ಣ ದನಿಯಲ್ಲಿ ಹಾಕಿಡಬಹುದು.

ಗೋವಾದಲ್ಲಿರುವವಳಾಗಿ ಇನ್ನೊಂದು ವಿಷಯವನ್ನು ಸೇರಿಸುತ್ತೇನೆ. ಪೆಟಿಪಾ 1877ರಲ್ಲಿ ಭಾರತದ ಕಥೆಯೆಂದು ಕಲ್ಪಿಸಿಕೊಂಡು ರಚಿಸಿದ ‘ಲಾ ಬಯಾಡೇರ್’ ಎಂಬ ಬ್ಯಾಲೆಯಿದೆ. ಆ ಫ್ರೆಂಚ್ ಹೆಸರಿನ ಮೂಲ ನರ್ತಕಿ ಎಂಬ ಅರ್ಥದ ‘ಬೈಲಾದೈರಾ’ ಎಂಬ ಪೋರ್ಚುಗೀಸ್ ಪದ. ನಮ್ಮ ಇಲ್ಲಿನ ದೇವಾಲಯಗಳ ನರ್ತಕಿಯರನ್ನು ಪೋರ್ಚುಗೀಸರು ಕರೆಯುತ್ತಿದ್ದುದು ಆ ಹೆಸರಿನಿಂದಲೇ. ಆ ಬ್ಯಾಲೆಯಲ್ಲಿ ಬಿಳಿಯುಡುಗೆಯ ನೆರಳುಗಳು, ಅಂದರೆ ಸತ್ತವರ ಆತ್ಮಗಳು, ಒಬ್ಬಳ ಹಿಂದೆ ಒಬ್ಬಳಂತೆ ಇಳಿಜಾರಿನಲ್ಲಿ ಅಂಕುಡೊಂಕಾಗಿ ಇಳಿದು ಬರುತ್ತವೆ. ಪ್ರತಿಯೊಬ್ಬಳೂ ಅದೇ ಒಂದು ಭಂಗಿಯನ್ನು ಮತ್ತೆ ಮತ್ತೆ ಮಾಡುತ್ತಾಳೆ. ದೊಡ್ಡ ತಂಡಗಳಲ್ಲಿ ಅವರ ಸಂಖ್ಯೆ 32ರವರೆಗೆ ಇರುತ್ತದೆ. ಚಾರ್ಟ್ ಪೇಪರನ್ನು ಮಡಚಿ ನಮ್ಮ ಮಕ್ಕಳಿಂದ ಈ ಸಾಲನ್ನು ಬಿಡಿಸಿದ್ದೆವು. ಮಡಿಕೆಯನ್ನು ಅಂಕುಡೊಂಕಾಗಿ ನೆಲದ ಮೇಲೆ ನಿಲ್ಲಿಸಿದಾಗ ಇಳಿಜಾರು ತಾನಾಗಿಯೇ ಮೂಡಿತು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಮನಸ್ಸು ತುಂಬಿದ ಕೃತಜ್ಞತೆಗಳು. ಸೀಳಿಗೆ ಟಿಶ್ಯೂ ಹಚ್ಚಿದ್ದೇನೆ. ಎರಡು ದಿನ ಅಕ್ಕಿಡಬ್ಬದ ಕೆಳಗಿತ್ತು, ಈಗ ಮಡಿಕೆ ಸರಾಗವಾಗಿ ಬಾಗುತ್ತಿದೆ. ನಿನ್ನೆ ರಾತ್ರಿ ವಾಸ್ಕೋದವರು ಹೇಳಿದಂತೆ ಎರಡೇ ಮಡಿಕೆ ತೆರೆದು ಸುಮ್ಮನೆ ಕುಳಿತೆ. ಅರಮನೆಯ ಸಭೆಯ ಚಿತ್ರದಲ್ಲಿ ನಾನು ಇದುವರೆಗೂ ಕಪ್ಪುಡುಗೆಯ ಓಡಿಲ್‌ಳನ್ನೂ ರಾಜಕುಮಾರನನ್ನೂ ಮಾತ್ರ ನೋಡಿದ್ದೆ. ಮಗಳು ಹಿಂದಿನ ಕಿಟಕಿಯನ್ನು ತೋರಿಸಿದಳು. ಅಲ್ಲಿ ಹೊರಗೆ, ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದಾಗಿ, ಓಡೆಟ್ ರೆಕ್ಕೆ ಬಡಿಯುತ್ತಿದ್ದಾಳೆ. ‘ಅಮ್ಮ, ಅವಳು ಕೂಗ್ತಾ ಇದ್ದಾಳೆ, ಇವನು ಆ ಕಡೆ ತಿರುಗ್ತಾನೇ ಇಲ್ಲ’ ಎಂದು ಹೇಳಿ, ರಾಜಕುಮಾರನ ಎತ್ತಿದ ಕೈಯನ್ನು ತನ್ನ ಬೆರಳಿನಿಂದ ಮುಚ್ಚಿ ಹಿಡಿದುಕೊಂಡಳು. ಮುಂದಿನ ಮಡಿಕೆಯನ್ನು ತೆರೆಯಲು ನಿನ್ನೆ ಬಿಡಲಿಲ್ಲ.