ಡಿವೋರ್ಸ್ ಮಾತು ನಡೆದಿದೆ, ಸಾಲ ಎಲ್ಲ ನನ್ನ ಹೆಸರಲ್ಲಿ. ಸೈನ್ ಹಾಕಲಾ?

ಕೋಲಾರದವಳು:
ಕೋಲಾರದ ಹತ್ತಿರ ಹಳ್ಳಿ ನಮ್ಮದು. ನರಸಾಪುರದ ಕಡೆ ಫ್ಯಾಕ್ಟರಿ ಕೆಲಸ, ಕೈಗೆ 16 ಸಾವಿರ ಬರುತ್ತದೆ. ಮಗಳು 3ನೇ ಕ್ಲಾಸು. ಒಂದೂವರೆ ವರ್ಷದಿಂದ ಅಮ್ಮನ ಮನೆಯಲ್ಲಿದ್ದೇನೆ. ಈಗ ಇಬ್ಬರೂ ಒಪ್ಪಿ ಬಿಡುಗಡೆ ತಗೊಳ್ಳೋಣ ಅಂತ ಮಾತಾಗಿದೆ.

ಯಜಮಾನರು (ಇನ್ನೂ ಹಾಗೇ ಬಾಯಿಗೆ ಬರುತ್ತದೆ, ಬಿಡಿ) ಟೊಮೆಟೊ ಹಾಕಿ ಎರಡು ಸಲ ಕೈ ಸುಟ್ಟುಕೊಂಡರು. ಒಂದು ಸಲವಂತೂ ಬಾಕ್ಸಿಗೆ ಸಿಕ್ಕ ರೇಟು ಮಂಡಿಗೆ ಸಾಗಿಸಿದ ಬಾಡಿಗೆಗೂ ಸಾಲಲಿಲ್ಲ. ಸಂಘದವರು (ಮೈಕ್ರೋಫೈನಾನ್ಸ್) ಹೆಂಗಸರಿಗೇ ಸಾಲ ಕೊಡುವುದು ಅಲ್ವಾ, ಹಾಗಾಗಿ ಎಲ್ಲ ನನ್ನ ಹೆಸರಲ್ಲೇ. ಎರಡು ಕಡೆ ಸೇರಿ 1 ಲಕ್ಷದ 10 ಸಾವಿರ ಬಾಕಿ. ನನ್ನ ಕಾಸಿನ ಸರ, ಬಳೆ ಅಡವಿಟ್ಟದ್ದು 2 ಲಕ್ಷ. ಪಿಕಪ್ ಗಾಡಿ ಅವರದು, ಆದರೆ ಲೋನಿಗೆ ನಾನೂ ಸೈನ್ ಹಾಕಿದ್ದೇನೆ, 3 ಲಕ್ಷದ 40 ಸಾವಿರ ಉಳಿದಿದೆ.

ಸಂಘದ ಕಂತು ಕಟ್ಟುವ ಮಂಗಳವಾರ ಬಂದರೆ ಹೊಟ್ಟೆ ತೊಳಸುತ್ತದೆ. ನನ್ನ ಕಂತು ಬರುವ ತನಕ ಯಾರನ್ನೂ ಏಳಲು ಬಿಡುವುದಿಲ್ಲ, ಎಲ್ಲರೂ ಚಾಪೆ ಮೇಲೆ ನನ್ನ ಮುಖ ನೋಡುತ್ತಾ ಕೂತಿರುತ್ತಾರೆ. ಹೋದ ವಾರ ಪಕ್ಕದ ಮನೆ ಅಕ್ಕ ಡೈರಿ ಹಾಲಿನ ದುಡ್ಡಲ್ಲಿ ನನ್ನದು ಕಟ್ಟಿದರು.

ಅವರ ಕಡೆ ಲಾಯರು, ಗಾಡಿ ಲೋನ್ ಗಂಡನೇ ಕಟ್ಟುತ್ತಾನೆ ಅಂತ ಅರ್ಜಿಯಲ್ಲೇ ಬರೆಯೋಣ, ನೀನು ಜೀವನಾಂಶ ಕೇಳಬೇಡ ಅನ್ನುತ್ತಾರೆ. ಹಾಕಿಬಿಡಲಾ? ಒಡವೆಗೆ ಬೇರೆ ಹರಾಜಿನ ನೋಟಿಸ್ ಬಂದಿದೆ.

ಬಂಗಾರಪೇಟೆ ಅಣ್ಣ:
ಬೇಡಮ್ಮ, ಹಾಕಬೇಡ. ನನ್ನ ತಂಗಿ ಹೀಗೇ ಸೈನ್ ಹಾಕಿ ಕೆಟ್ಟಳು. ಕೋರ್ಟಿನ ಪೇಪರ್ ಗಂಡ ಹೆಂಡತಿ ನಡುವಿನದು, ಸಾಲ ಕೊಟ್ಟವನಿಗೆ ಅದು ಲೆಕ್ಕಕ್ಕಿಲ್ಲ. ಆ ಪುಣ್ಯಾತ್ಮ ನಾಲ್ಕು ಕಂತು ಕಟ್ಟಿ ನಿಲ್ಲಿಸಿದ, ವಸೂಲಿಯವರು ಬಂದದ್ದು ಇವಳ ಬಾಗಿಲಿಗೆ. ಡಿಕ್ರಿ (ಕೋರ್ಟಿನ ಕೊನೆಯ ಆದೇಶ) ಕಾಪಿ ತೋರಿಸಿದರೆ "ಇದನ್ನು ಇಟ್ಕೊಂಡು ಅವರ ಮೇಲೆ ಕೇಸು ಹಾಕ್ಕೊಳ್ಳಿ, ನಮ್ಮ ದುಡ್ಡು ಕೊಡಿ" ಅಂದರು.

ಗಾಡಿ ಮಾರಿ ಲೋನ್ ತೀರಿಸಲಿ, ಇಲ್ಲ ನಿನ್ನ ಜಾಗಕ್ಕೆ ಅವರ ತಮ್ಮನೋ ಅಣ್ಣನೋ ಸೈನ್ ಹಾಕಲಿ. ನಿನ್ನ ಹೆಸರು ಬಿಟ್ಟಿದ್ದೇವೆ ಅಂತ ಸಾಲ ಕೊಟ್ಟವರ ಪತ್ರ ಕೈಗೆ ಬರಬೇಕು, ಬಾಯಿ ಮಾತು ಬೇಡ. ಅರ್ಜಿ ಹಾಕಿದ ಮೇಲೂ ಸಾಮಾನ್ಯವಾಗಿ 6 ತಿಂಗಳು ಬಿಟ್ಟು ಮತ್ತೆ ಕೋರ್ಟಿಗೆ ಕರೆಯುತ್ತಾರೆ, ಡಿಕ್ರಿ ಆಗುವ ತನಕ ನಿನ್ನ ಒಪ್ಪಿಗೆ ವಾಪಸ್ ತಗೊಳ್ಳಬಹುದು. ಅವಸರ ಅವರಿಗೆ, ನಿನಗಲ್ಲ.

ಕರಿಕೋಟು ಚಿಂತಾಮಣಿ:
ಅಣ್ಣ ಹೇಳಿದ್ದು ಸರಿ. ನಿಮಗೆ ನಿಮ್ಮದೇ ವಕೀಲರು ಬೇಕು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾಯ್ದೆಯಲ್ಲಿ ಹೆಂಗಸರಿಗೆ ಸಂಬಳ ಎಷ್ಟೇ ಇದ್ದರೂ ವಕೀಲರು ಉಚಿತ. ಫೋನಾದರೆ 15100.

ಈಗ ಒಡವೆ. ಜೋರಾಗಿ ಕೂಗುವವರಿಗೆ ಮೊದಲು ಕಟ್ಟಿಬಿಡುತ್ತೇವೆ, ಸುಮ್ಮನೆ ನೋಟಿಸ್ ಕಳಿಸಿದವರನ್ನು ಮರೆಯುತ್ತೇವೆ. ಉಲ್ಟಾ ಮಾಡಿ. ಇವತ್ತೇ ಹೋಗಿ ಬಡ್ಡಿ ಮಾತ್ರ ಕಟ್ಟಿದರೆ ರಿನ್ಯೂ ಮಾಡುತ್ತಾರಾ ಕೇಳಿ. ಆಗದಿದ್ದರೆ ಒಂದು ಬಳೆ ಮಾರಿಯಾದರೂ ಸರ ಉಳಿಸಿಕೊಳ್ಳಿ. ಹರಾಜೇ ಆದರೂ ಸಾಲ ಕಳೆದು ಮಿಕ್ಕ ದುಡ್ಡು ನಿಮಗೆ ಸೇರಬೇಕು, ಲೆಕ್ಕ ಕೇಳಿ.

ಸಂಘದವರು ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ವಸೂಲಿಗೆ ಫೋನ್ ಮಾಡುವಂತಿಲ್ಲ, ಇದು ರಿಸರ್ವ್ ಬ್ಯಾಂಕಿನ ನಿಯಮ. ಬೈಯುವುದು, ಹೆದರಿಸುವುದೂ ತಪ್ಪು. ಬಲವಂತದ ವಸೂಲಿ ವಿರುದ್ಧ 2025ರ ಫೆಬ್ರುವರಿಯಲ್ಲಿ ರಾಜ್ಯದಲ್ಲಿ ಸುಗ್ರೀವಾಜ್ಞೆಯೂ ಬಂತು, ಶಿಕ್ಷೆ 10 ವರ್ಷದವರೆಗೆ. ಆದರೆ ಸಾಲ ಮನ್ನಾ ಆಯಿತು ಅಂತ ಯಾರಾದರೂ ಹೇಳಿದರೆ ನಂಬಿ ಕಂತು ನಿಲ್ಲಿಸಬೇಡಿ.

ಜೀವನಾಂಶ ಯಾಕೆ ಬಿಡಬೇಕು? ಮಗಳ ಪಾಲನ್ನಂತೂ ನೀವು ಬಿಟ್ಟುಕೊಟ್ಟರೂ ನಡೆಯುವುದಿಲ್ಲ, ಅದು ಅವಳದು. ಜೀವನಾಂಶದ ಕೇಸಲ್ಲಿ ಇಬ್ಬರೂ ಆಸ್ತಿ, ಸಾಲ ಎಲ್ಲದರ ಅಫಿಡವಿಟ್ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ. ಸಾಲದ ದುಡ್ಡು ಅವರ ಕೈಗೆ ಹೋದದ್ದಕ್ಕೆ ಏನಾದರೂ ದಾಖಲೆ ಇದೆಯಾ?

ಮಾಲೂರು ಸೆಂಟರ್ ಲೀಡರ್:
ನಾನು ಆ ಚಾಪೆ ಮೇಲೆ ಕೂತು ಬೇರೆಯವರ ಮುಖ ನೋಡಿದವಳೇ, ಆಮೇಲೆ ನನ್ನ ಸರದಿಯೂ ಬಂತು. ಮಂಗಳವಾರದ ತನಕ ಕಾಯಬೇಡ, ಭಾನುವಾರವೇ ನಿನ್ನ ಗುಂಪಿನ ನಾಲ್ಕು ಜನಕ್ಕೆ ಇದ್ದದ್ದು ಇದ್ದ ಹಾಗೆ ಹೇಳು. ಕಂತು ಚಿಕ್ಕದು ಮಾಡಿ ಅವಧಿ ಜಾಸ್ತಿ ಮಾಡಿ ಅಂತ ಬ್ರಾಂಚಿಗೆ ಬರೆದು ಕೊಟ್ಟು ಸೀಲ್ ಹಾಕಿಸಿಕೋ. ಹಳೇ ಸಾಲ ತೀರಿಸಲು ಮೂರನೇ ಸಂಘಕ್ಕೆ ಮಾತ್ರ ಸೇರಬೇಡ ತಾಯಿ.

ಕೋಲಾರದವಳು:
ಪಾಸ್‌ಬುಕ್ ನೋಡಿದೆ. ದುಡ್ಡು ಬಂದ ದಿನವೇ ನನ್ನ ಖಾತೆಯಿಂದ ಅವರ ಖಾತೆಗೆ ಹೋಗಿದೆ, ಎರಡು ಸಲವೂ. ಇವತ್ತು ಅರ್ಧ ದಿನ ರಜೆ ಹಾಕಿ ಹೋಗಿದ್ದೆ, ಬಡ್ಡಿ ಕಟ್ಟಿದರೆ ರಿನ್ಯೂ ಮಾಡುತ್ತಾರಂತೆ, ಸಂಬಳದ ದಿನದ ತನಕ ಟೈಮ್ ಕೊಟ್ಟರು. ನಾಳೆ ಪ್ರಾಧಿಕಾರಕ್ಕೆ ಹೋಗುತ್ತೇನೆ. ಮದುವೆ ಫೋಟೊ ಬೇಕಾ? ಆಲ್ಬಮ್ ಅವರ ಮನೆಯಲ್ಲೇ ಉಳಿದಿದೆ.

ಕರಿಕೋಟು ಚಿಂತಾಮಣಿ:
ಒಂದು ಸಾಕು. ಆ ಸರ, ಬಳೆ ಕಾಣುವ ಹಾಗಿರಲಿ, ಒಡವೆ ನಿಮ್ಮದೇ ಅಂತ ತೋರಿಸಲು ಬೇಕಾಗುತ್ತದೆ. ನಿಮ್ಮ ಅಮ್ಮನ ಬೀರುವಿನಲ್ಲಿ ಹುಡುಕಿ.